ಎರೆ ನೆಲದ ನೀರಿನಲ್ಲಿ ಮೀನು ಸಾಕಣೆ

ಇಲ್ಲಿ ಕುಳಿತಿರುವ ಬಹುತೇಕರು ತೊಗರಿ, ಹತ್ತಿ, ಜೋಳ ಬೆಳೆಯುವವರು. ಹೊಲದಲ್ಲಿ ಕೃಷಿಹೊಂಡ ತೆಗೆಸಿದ ಮೇಲೆ, ಇಲ್ಲವೇ ಊರ ಕೆರೆ ಗುತ್ತಿಗೆಗೆ ಸಿಕ್ಕ ಮೇಲೆ ಮೀನಿನ ಕಡೆಗೆ ಹೊರಳಿದವರು. ಹೀಗಾಗಿ ನಾನು ಹೋದಲ್ಲೆಲ್ಲ ಮೊದಲು ಕೇಳಿಬರುವ ಪ್ರಶ್ನೆ ಒಂದೇ: "ಯಾವ ಮೀನು ಬಿಡಬೇಕು, ಎಕರೆಗೆ ಎಷ್ಟು ಮರಿ ಬಿಡಬೇಕು?" ಅದಕ್ಕೆ ಉತ್ತರ ಕೊಡುತ್ತೇನೆ. ಆದರೆ ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ನಿಮ್ಮ ಹೊಂಡದ ನೀರು ಎಂಥದ್ದು? ನಮ್ಮ ಭಾಗದಲ್ಲಿ ಮೀನು ಸಾಕಿ ಕೈಸುಟ್ಟುಕೊಂಡವರನ್ನು ನಾನು ಸಾಕಷ್ಟು ನೋಡಿದ್ದೇನೆ. ಅವರಲ್ಲಿ ಸೋಮಾರಿಗಳು ಕಡಿಮೆ. ಹೆಚ್ಚಿನವರು ಕೈಪಿಡಿಯಲ್ಲಿದ್ದುದನ್ನು ಅಕ್ಷರಶಃ ಪಾಲಿಸಿದವರೇ. ಕೈಪಿಡಿಯಲ್ಲಿದ್ದುದು ಸುಳ್ಳಲ್ಲ, ಅದು ಒಡಿಶಾದ, ಬಂಗಾಳದ ಅಥವಾ ನಮ್ಮ ಕರಾವಳಿಯ ನೀರಿಗೆ ಬರೆದದ್ದು. ಕಲಬುರಗಿಯ ನೀರು ಬೇರೆ, ಬೀದರಿನದು ಬೇರೆ, ಯಾದಗಿರಿಯದು ಇನ್ನೂ ಬೇರೆ.

ನೆಲದಿಂದಲೇ ಆರಂಭಿಸೋಣ. ಕಲಬುರಗಿ ಜಿಲ್ಲೆಯ ಬಹುಪಾಲು ಎರೆ ಭೂಮಿ, ಅಂದರೆ ಕಪ್ಪು ಮಣ್ಣಿನ ನೆಲ. ಚಿತ್ತಾಪುರ, ಶಹಾಬಾದ, ಸೇಡಂ ಕಡೆಗೆ ಹೋದರೆ ಅದರ ಕೆಳಗೆ ಸುಣ್ಣದ ಕಲ್ಲು. ನಮ್ಮ ಮನೆಗಳಿಗೆ ಹಾಸುವ ಫರಸಿ ಕಲ್ಲು ಬರುವುದೂ, ಆ ಭಾಗದಲ್ಲಿ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೂ ಇದೇ ಕಾರಣಕ್ಕೆ. ಎರೆ ಮಣ್ಣಿನಲ್ಲಿ ಜೇಡಿಯ ಅಂಶ ಹೆಚ್ಚು. ಒಮ್ಮೆ ನೆನೆದು ಉಬ್ಬಿದ ಮೇಲೆ ನೀರು ಸುಲಭವಾಗಿ ಇಂಗುವುದಿಲ್ಲ, ಹೊಂಡಕ್ಕೆ ಇದೊಂದು ವರ. ಆದರೆ ಈ ಮಣ್ಣಿನಲ್ಲಿ ಸುಣ್ಣದ ಅಂಶ ಮೊದಲೇ ಸೇರಿರುತ್ತದೆ; ಹುಳಿ-ಕ್ಷಾರವನ್ನು ಅಳೆಯುವ ಪಿಎಚ್ ಸಾಮಾನ್ಯವಾಗಿ 8ರ ಮೇಲೆಯೇ ಇರುತ್ತದೆ, ಅಂದರೆ ಮಣ್ಣು ಕ್ಷಾರದ ಕಡೆಗೆ ವಾಲಿರುತ್ತದೆ.

ಬೀದರ, ಹುಮನಾಬಾದ ಕಡೆಯ ಎತ್ತರದ ನೆಲದಲ್ಲಿ ಕೆಂಪು ಜಂಬಿಟ್ಟಿಗೆ ಇದೆ. ಇದು ನೀರನ್ನು ಹಿಡಿದಿಡದೆ ಕೆಳಗೆ ಬಿಟ್ಟುಕೊಡುವ ಕಲ್ಲು. ಇದರ ಗುಣವನ್ನು ನಮ್ಮ ಹಿರಿಯರು ಬಹಳ ಚೆನ್ನಾಗಿ ಬಲ್ಲವರಾಗಿದ್ದರು. ಬಹಮನಿ ಕಾಲದ ನೌಬಾದ್ ಸುರಂಗ ಬಾವಿಯನ್ನು ನೀವು ನೋಡಿರಬಹುದು. ಮೇಲಿನ ಜಂಬಿಟ್ಟಿಗೆಯಲ್ಲಿ ಇಂಗಿದ ಮಳೆನೀರು ಕೆಳಗಿನ ಕಪ್ಪು ಬಂಡೆಗೆ ತಾಗಿ ನಿಲ್ಲುತ್ತದೆ. ಆ ಎರಡರ ನಡುವಿನ ನೀರನ್ನು ಸುರಂಗದಲ್ಲಿ ಹರಿಸಿ ಊರಿಗೆ ತಂದ ವ್ಯವಸ್ಥೆ ಅದು. ಸುರಂಗ ಬಾವಿಗೆ ನೀರು ಕೊಟ್ಟ ಅದೇ ಗುಣ ನಿಮ್ಮ ಹೊಂಡದ ನೀರನ್ನು ಕಳೆಯುತ್ತದೆ. ಆದ್ದರಿಂದ ಅಂಥ ನೆಲದಲ್ಲಿ ಹೊಂಡ ತೋಡುವವರು ತಳಕ್ಕೆ ಎರೆ ಮಣ್ಣನ್ನು ಒಂದಡಿಯಷ್ಟು ಹರಡಿ, ನೆನೆಸಿ, ತುಳಿಸಿ ಗಟ್ಟಿ ಮಾಡಬೇಕು; ಇಲ್ಲವೇ ಪ್ಲಾಸ್ಟಿಕ್ ಹಾಳೆ ಹೊದಿಸಬೇಕು. ಜಂಬಿಟ್ಟಿಗೆ ಮಣ್ಣು ಹುಳಿಯ ಕಡೆಗೆ ವಾಲಿರುವುದರಿಂದ ಅಲ್ಲಿ ಸುಣ್ಣ ಬೇಕಾಗುತ್ತದೆ. ಯಾದಗಿರಿಯಲ್ಲಿ ಎರೆಯೂ ಇದೆ, ಮಸಾರಿಯೂ ಇದೆ. ಶಹಾಪುರ, ಸುರಪುರದ ಕಾಲುವೆ ಕೆಳಗಿನ ಗದ್ದೆಗಳಲ್ಲಿ ಸವಳು ಹತ್ತಿದ ಭೂಮಿಯೂ ಇದೆ. ಬೆಳೆ ಬಾರದೆ ಬಿಟ್ಟ ಸವಳು ನೆಲದಲ್ಲಿ ಹೊಂಡ ಮಾಡಬಹುದೇ ಎಂದು ಹಲವರು ಕೇಳುತ್ತಾರೆ. ಮಾಡಬಹುದು. ಲೀಟರಿಗೆ ಮೂರು ಗ್ರಾಂವರೆಗಿನ ಉಪ್ಪನ್ನು ಕಾಟ್ಲಾ, ರೋಹುವಿನಂಥ ನಮ್ಮ ಗೆಂಡೆ ಮೀನುಗಳು ತಾಳಿಕೊಳ್ಳುತ್ತವೆ. ಆದರೆ ನೀರಿನ ಪರೀಕ್ಷೆ ಮಾಡಿಸದೆ ಆ ಕೆಲಸಕ್ಕೆ ಕೈಹಾಕಬೇಡಿ.

ಇನ್ನು ಸುಣ್ಣದ ಮಾತು. ಹೊಂಡ ಸಿದ್ಧಪಡಿಸುವಾಗ ಸುಣ್ಣ ಹಾಕಬೇಕು ಎಂಬುದು ಎಲ್ಲರ ಬಾಯಲ್ಲೂ ಇರುವ ಮಾತಾಗಿದೆ. ಎಷ್ಟು ಎಂಬುದನ್ನು ಮಾತ್ರ ಯಾರೂ ಮಣ್ಣನ್ನು ಕೇಳುವುದಿಲ್ಲ. ಸಾಮಾನ್ಯವಾಗಿ ಅನುಸರಿಸುವ ಲೆಕ್ಕ ಹೀಗಿದೆ: ಮಣ್ಣಿನ ಪಿಎಚ್ 5ರಿಂದ 6.5ರ ನಡುವೆ ಇದ್ದರೆ ಹೆಕ್ಟೇರಿಗೆ 1,000 ಕಿಲೋ, 6.5ರಿಂದ 7.5 ಇದ್ದರೆ 500 ಕಿಲೋ, 7.5ರಿಂದ 8.5 ಇದ್ದರೆ 200 ಕಿಲೋ, ಅದಕ್ಕೂ ಮೇಲಿದ್ದರೆ ಏನೂ ಬೇಡ. ಅಂದರೆ ಬೀದರಿನ ಕೆಂಪು ಮಣ್ಣಿನ ರೈತರಿಗೆ ಐದು ಚೀಲ ಬೇಕಾಗುವ ಕಡೆ ಸೇಡಂನ ರೈತರಿಗೆ ಒಂದು ಚೀಲ ಸಾಕು, ಅಥವಾ ಅದೂ ಬೇಡ. ಪಿಎಚ್ 8.5 ಇರುವ ಹೊಂಡಕ್ಕೆ ಸುಟ್ಟ ಸುಣ್ಣ ಸುರಿದರೆ ಪಿಎಚ್ ಇನ್ನೂ ಏರುತ್ತದೆ. ಖರ್ಚು ಹೋಗುವುದರ ಜೊತೆಗೆ ಮೀನಿಗೂ ಅಪಾಯ. ಮಣ್ಣು, ನೀರು ಪರೀಕ್ಷೆಗೆ ದೂರ ಹೋಗಬೇಕಾಗಿಲ್ಲ. ಕಲಬುರಗಿಯಲ್ಲಿ, ಬೀದರಿನಲ್ಲಿ, ಸುರಪುರ ತಾಲ್ಲೂಕಿನ ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಹೊಂಡದ ತಳದ ನಾಲ್ಕೈದು ಕಡೆಯಿಂದ ಮಣ್ಣು ತೆಗೆದು, ನೆರಳಿನಲ್ಲಿ ಒಣಗಿಸಿ ಕೊಡಿ.

ಗಡಸು ನೀರು ಎಂದ ಕೂಡಲೇ ಗಾಬರಿಯಾಗುವುದು ಬೇಡ. ಸುಣ್ಣದ ಅಂಶವಿರುವ ನೀರು ಮೀನಿಗೆ ಒಳ್ಳೆಯದೇ. ಹಗಲು ರಾತ್ರಿಗಳ ನಡುವೆ ಪಿಎಚ್ ವಿಪರೀತ ಏರಿಳಿಯದಂತೆ ಅದು ತಡೆಯುತ್ತದೆ, ನೀರಿನ ಪಾಚಿಗೆ ಬೇಕಾದ ಇಂಗಾಲವನ್ನೂ ಒದಗಿಸುತ್ತದೆ. ತೊಂದರೆ ಬರುವುದು ಇನ್ನೊಂದು ಕಡೆಯಿಂದ, ಅದು ಅಮೋನಿಯಾ. ಈ ವಿಷಯವನ್ನು ನಮ್ಮ ಭಾಗದ ಪ್ರತಿಯೊಬ್ಬ ಮೀನು ಕೃಷಿಕರೂ ತಿಳಿದಿರಬೇಕು ಎಂಬುದು ನನ್ನ ಕಳಕಳಿ.

ಮೀನು ತಿಂದ ಆಹಾರದ ಸಾರಜನಕದಲ್ಲಿ ಹೆಚ್ಚಿನ ಭಾಗ ಕಿವಿರುಗಳ ಮೂಲಕ ಅಮೋನಿಯಾ ಆಗಿ ನೀರಿಗೆ ಮರಳುತ್ತದೆ. ತಿನ್ನದೆ ಉಳಿದ ಹಿಂಡಿ, ಹೆಚ್ಚಾಗಿ ಸುರಿದ ಸಗಣಿ, ಯೂರಿಯಾ ಇವೆಲ್ಲವೂ ಕೊನೆಗೆ ಅಮೋನಿಯಾವನ್ನೇ ಕೊಡುತ್ತವೆ. ಈ ಅಮೋನಿಯಾ ನೀರಿನಲ್ಲಿ ಎರಡು ರೂಪಗಳಲ್ಲಿರುತ್ತದೆ. ಒಂದರಿಂದ ಮೀನಿಗೆ ಅಷ್ಟಾಗಿ ಬಾಧೆಯಿಲ್ಲ, ಇನ್ನೊಂದು ವಿಷ. ಯಾವುದು ಎಷ್ಟಿರಬೇಕು ಎಂಬುದನ್ನು ನೀರಿನ ಪಿಎಚ್ ಮತ್ತು ಬಿಸಿ ನಿರ್ಧರಿಸುತ್ತವೆ. ನೀರು 30 ಡಿಗ್ರಿ ಬಿಸಿಯಿದ್ದಾಗ ಪಿಎಚ್ 7 ಆಗಿದ್ದರೆ ಒಟ್ಟು ಅಮೋನಿಯಾದ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ವಿಷ ರೂಪದಲ್ಲಿರುತ್ತದೆ. ಪಿಎಚ್ 8ಕ್ಕೆ ಬಂದರೆ ಅದು ಏಳೆಂಟು ಪಾಲು. ಪಿಎಚ್ 9ಕ್ಕೆ ಏರಿದರೆ ಸುಮಾರು 45 ಪಾಲು. ಹೊಂಡ ಅದೇ, ಹಾಕಿದ ಯೂರಿಯಾ ಅಷ್ಟೇ, ವಿಷ ಮಾತ್ರ ಹತ್ತಾರು ಪಟ್ಟು. ಏಪ್ರಿಲ್ ತಿಂಗಳ ಮಧ್ಯಾಹ್ನ ಜೇವರ್ಗಿಯಲ್ಲೋ ಅಫಜಲಪುರದಲ್ಲೋ ಹಸಿರುಗಟ್ಟಿದ ಹೊಂಡದ ಪಿಎಚ್ 9ಕ್ಕೆ ಏರುವುದು ಅಪರೂಪವೇನಲ್ಲ, ಏಕೆಂದರೆ ಬಿಸಿಲಿನಲ್ಲಿ ಪಾಚಿಯು ನೀರಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡಂತೆಲ್ಲ ಪಿಎಚ್ ಏರುತ್ತ ಹೋಗುತ್ತದೆ. ಹುಳಿ ನೆಲದವರು ಸಲೀಸಾಗಿ ಹಾಕುವ ಯೂರಿಯಾ ನಮ್ಮಲ್ಲಿ ಮೀನು ಕೊಲ್ಲಬಹುದು ಎನ್ನುವುದು ಇದೇ ಕಾರಣಕ್ಕೆ. ಮಧ್ಯಾಹ್ನದ ಪಿಎಚ್ 8.5 ದಾಟಿದ ಹೊಂಡಕ್ಕೆ ಸಾರಜನಕದ ಗೊಬ್ಬರವನ್ನು ಹಾಕಲೇಬಾರದು.

ನೀರಿನ ಉಸಿರು ಎಂದರೆ ಅದರಲ್ಲಿ ಕರಗಿದ ಆಮ್ಲಜನಕ. ಲೀಟರಿಗೆ 5 ಮಿಲಿಗ್ರಾಂಗಿಂತ ಹೆಚ್ಚಿದ್ದರೆ ಗೆಂಡೆಗಳು ಚೆನ್ನಾಗಿ ತಿಂದು ಬೆಳೆಯುತ್ತವೆ. 3ಕ್ಕಿಂತ ಕೆಳಗಿಳಿದರೆ ತಿನ್ನುವುದನ್ನು ಬಿಟ್ಟು ಬದುಕಲು ಒದ್ದಾಡುತ್ತವೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 35 ಡಿಗ್ರಿಯಲ್ಲಿ ಹಿಡಿಯುವುದು 7ಕ್ಕೂ ತುಸು ಕಡಿಮೆ. ನಮ್ಮ ಬೇಸಿಗೆಯನ್ನು ನಿಮಗೆ ನಾನು ವಿವರಿಸಬೇಕಾಗಿಲ್ಲ. ಹಗಲಿನಲ್ಲಿ ಪಾಚಿ ಆಮ್ಲಜನಕ ಕೊಡುತ್ತದೆ, ರಾತ್ರಿ ಅದೇ ಪಾಚಿ ಮೀನಿನ ಜೊತೆಗೆ ಆಮ್ಲಜನಕವನ್ನು ಉಣ್ಣುತ್ತದೆ. ಹೀಗಾಗಿ ಅತಿ ಕಡಿಮೆ ಆಮ್ಲಜನಕ ಇರುವುದು ನಸುಕಿನಲ್ಲಿ, ಸೂರ್ಯ ಹುಟ್ಟುವ ಮುನ್ನ.

ಆಳಂದ ಕಡೆಯ ಹೊಂಡವೊಂದರಲ್ಲಿ ಒಮ್ಮೆ ನಸುಕಿನಲ್ಲಿ ನೋಡಿದ್ದನ್ನು ಹೇಳುತ್ತೇನೆ. ಹಿಂದಿನ ಎರಡು ದಿನ ಮೋಡ ಕವಿದಿತ್ತು, ಗಾಳಿ ಬಿದ್ದಿತ್ತು. ಮೀನುಗಳೆಲ್ಲ ನೀರಿನ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಮೇಲ್ದುಟಿ ನೀರಿನ ಹೊರಗೆ, ಕಿವಿರಿನ ಮುಚ್ಚಳ ಅಗಲವಾಗಿ ತೆರೆದು, ಒಡ್ಡಿನ ಮೇಲೆ ಹೆಜ್ಜೆ ಹಾಕಿದರೂ ಬೆದರಿ ಕೆಳಗೆ ಹೋಗುತ್ತಿರಲಿಲ್ಲ. ಮೀನು ಹಸಿದಿವೆ ಎಂದು ತಿಳಿದು ಮನೆಯವರು ಬುಟ್ಟಿಯಲ್ಲಿ ತೌಡು ತಂದು ಎರಚಲು ನಿಂತಿದ್ದರು. ಒಂದು ಮೀನೂ ಅದರ ಕಡೆಗೆ ತಿರುಗಲಿಲ್ಲ. ಅಂಥ ಹೊತ್ತಿನಲ್ಲಿ ಹಾಕಿದ ಆಹಾರ ಕೊಳೆತು ಉಳಿದ ಆಮ್ಲಜನಕವನ್ನೂ ತಿಂದುಹಾಕುತ್ತದೆ. ಪಂಪ್ ಇಟ್ಟು ಹೊಂಡದ ನೀರನ್ನೇ ಎತ್ತಿ, ಎತ್ತರದಿಂದ ಚಿಮ್ಮಿಸಿ ಮತ್ತೆ ಹೊಂಡಕ್ಕೆ ಬೀಳುವಂತೆ ಮಾಡಿದೆವು. ಬಿಸಿಲೇರಿದ ಮೇಲೆ ಮೀನುಗಳು ಕೆಳಗಿಳಿದವು. ಇಲ್ಲಿ ಇನ್ನೊಂದು ಎಚ್ಚರಿಕೆ: ಗಾಬರಿಯಲ್ಲಿ ಬೋರ್‌ವೆಲ್ ನೀರನ್ನು ಪೈಪಿನಿಂದ ನೇರವಾಗಿ ತಳಕ್ಕೆ ಬಿಡುತ್ತಾರೆ. ಭೂಮಿಯ ಒಳಗಿನ ನೀರಿನಲ್ಲಿ ಆಮ್ಲಜನಕ ಬಹಳ ಕಡಿಮೆ. ಅದನ್ನು ಕಲ್ಲಿನ ಮೇಲೋ ತೂತಿನ ತಗಡಿನ ಮೇಲೋ ಬೀಳಿಸಿ, ಗಾಳಿಯಾಡಿಸಿಯೇ ಒಳಗೆ ಬಿಡಬೇಕು.

ಗಾಳಿಯಾಡಿಸುವ ಯಂತ್ರ ಇರುವವರು ಅದನ್ನು ಹಗಲಿನಲ್ಲಿ ತೋರಿಕೆಗೆ ಓಡಿಸುವುದನ್ನು ಬಿಟ್ಟು, ರಾತ್ರಿ ಎರಡರಿಂದ ಬೆಳಕು ಹರಿಯುವವರೆಗೆ ಓಡಿಸಬೇಕು. ಮೋಡ ಮುಸುಕಿದ ದಿನಗಳಲ್ಲಿ ಆಹಾರವನ್ನು ಅರ್ಧಕ್ಕೆ ಇಳಿಸಬೇಕು ಅಥವಾ ನಿಲ್ಲಿಸಬೇಕು. ಒಂದು ದಿನ ಉಪವಾಸವಿದ್ದ ಮಾತ್ರಕ್ಕೆ ಮೀನು ಸಾಯುವುದಿಲ್ಲ.

ಪಾಚಿ ಎಂದಾಗ ಅದು ಶತ್ರುವೆಂದು ತಿಳಿಯಬಾರದು. ಕಾಟ್ಲಾ, ರೋಹು, ಬೆಳ್ಳಿಗೆಂಡೆ ಮೀನುಗಳಿಗೆ ನೀರಿನ ಸೂಕ್ಷ್ಮ ಪಾಚಿ ಮತ್ತು ಅದನ್ನು ತಿನ್ನುವ ಸಣ್ಣ ಜೀವಿಗಳೇ ಸಹಜ ಆಹಾರ. ಬೇಕಾಗಿರುವುದು ಹದ. ಅದನ್ನು ಅಳೆಯಲು ಕಪ್ಪು-ಬಿಳಿ ಬಣ್ಣ ಬಳಿದ ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಾರೆ; ಅದು 25ರಿಂದ 40 ಸೆಂಟಿಮೀಟರ್ ಆಳದಲ್ಲಿ ಕಣ್ಮರೆಯಾದರೆ ಹದ ಸರಿಯಿದೆ. ತಟ್ಟೆ ಇಲ್ಲದವರು ಬೆಳಿಗ್ಗೆ ಹತ್ತರ ಹೊತ್ತಿಗೆ ಸೂರ್ಯನಿಗೆ ಬೆನ್ನು ಮಾಡಿ ಕೈಯನ್ನು ನೀರಿನಲ್ಲಿ ಇಳಿಸಿ: ಮೊಣಕೈವರೆಗೆ ಇಳಿಯುವಷ್ಟರಲ್ಲಿ ಅಂಗೈ ಮಸುಕಾದರೆ ಗೊಬ್ಬರ ಸಾಕು, ಮೊಣಕೈ ಮುಳುಗಿದ ಮೇಲೂ ಬೆರಳು ನಿಚ್ಚಳವಾಗಿ ಕಂಡರೆ ಗೊಬ್ಬರ ಬೇಕು, ಮಣಿಕಟ್ಟು ಮುಳುಗುವಷ್ಟರಲ್ಲೇ ಅಂಗೈ ಮರೆಯಾದರೆ ಗೊಬ್ಬರವನ್ನೂ ಆಹಾರವನ್ನೂ ನಿಲ್ಲಿಸಬೇಕು.

ಆದರೆ ಎರೆ ಭೂಮಿಯಲ್ಲಿ ಈ ಪರೀಕ್ಷೆ ಒಮ್ಮೊಮ್ಮೆ ಮೋಸ ಮಾಡುತ್ತದೆ. ಮಳೆಗಾಲದಲ್ಲಿ ಜೇಡಿ ಕದಡಿದ ನೀರಿನಲ್ಲಿಯೂ ಕೈ ಕಾಣುವುದಿಲ್ಲ. ಆದರೆ ಅದು ಪಾಚಿಯಿಂದಲ್ಲ, ಮಣ್ಣಿನಿಂದ. ಬೆಳಕು ಒಳಗಿಳಿಯದ ಆ ನೀರಿನಲ್ಲಿ ಎಷ್ಟು ಗೊಬ್ಬರ ಹಾಕಿದರೂ ಪಾಚಿ ಹುಟ್ಟುವುದಿಲ್ಲ. ಗಾಜಿನ ಲೋಟದಲ್ಲಿ ನೀರು ತುಂಬಿ ಬಿಳಿ ಕಾಗದದ ಮುಂದೆ ಹಿಡಿದು ನೋಡಿದರೆ ಹಸಿರೋ ಮಣ್ಣಿನ ಬಣ್ಣವೋ ತಿಳಿಯುತ್ತದೆ. ಒಡ್ಡಿನ ಒಳಮೈಗೆ ಹುಲ್ಲು ಹಚ್ಚಿದರೆ ಮಣ್ಣು ಜಾರುವುದು ಕಡಿಮೆಯಾಗುತ್ತದೆ, ಜಿಪ್ಸಂ ಹಾಕಿದರೆ ಕದಡಿದ ಜೇಡಿ ತಳಕ್ಕೆ ಕೂಡುತ್ತದೆ. ಜಿಪ್ಸಂ ಪಿಎಚ್ ಏರಿಸುವುದಿಲ್ಲ. ಆದ್ದರಿಂದ ಸುಣ್ಣ ಬೇಡವಾದ ನಮ್ಮ ನೀರಿಗೆ ಅದು ಹೊಂದುತ್ತದೆ. ಇದೇ ಕಾರಣಕ್ಕೆ ಎರೆ ನೆಲದ ಮಣ್ಣಿನ ಹೊಂಡದಲ್ಲಿ ಸಾಮಾನ್ಯ ಗೆಂಡೆಯನ್ನು ನಾನು ಕಡಿಮೆ ಬಿಡಲು ಹೇಳುತ್ತೇನೆ. ಅದು ಆಹಾರ ಹುಡುಕುತ್ತ ತಳವನ್ನೂ ಒಡ್ಡಿನ ಬುಡವನ್ನೂ ಅಗೆಯುವ ಮೀನು. ಬೇಗ ಬೆಳೆಯುತ್ತದೆ ನಿಜ, ಆದರೆ ನೀರನ್ನು ಕದಡುತ್ತಲೇ ಇರುತ್ತದೆ.

ಗೊಬ್ಬರದಲ್ಲಿ ಸಗಣಿಯೇ ಮುಖ್ಯ. ವರ್ಷಕ್ಕೆ ಎಕರೆಗೆ ನಾಲ್ಕರಿಂದ ಆರು ಟನ್. ಅದರಲ್ಲಿ ಐದನೇ ಒಂದು ಭಾಗವನ್ನು ಮರಿ ಬಿಡುವ ಎರಡು ವಾರ ಮೊದಲು, ಉಳಿದುದನ್ನು ಹದಿನೈದು ದಿನಕ್ಕೊಮ್ಮೆ ಸ್ವಲ್ಪಸ್ವಲ್ಪವಾಗಿ ಹಾಕಬೇಕು. ಸೂಪರ್ ಫಾಸ್ಫೇಟ್ ಕೊಡುವಾಗ ನಮ್ಮವರು ಹರಳನ್ನು ಹಾಗೆಯೇ ಎರಚುತ್ತಾರೆ. ಅದು ತಳಕ್ಕೆ ಬಿದ್ದು ಮಣ್ಣಿನ ಸುಣ್ಣಕ್ಕೆ ಅಂಟಿ ಪಾಚಿಗೆ ಸಿಗದಂತಾಗುತ್ತದೆ. ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಕಲಕಿ, ನೀರಿನ ಮೇಲ್ಭಾಗಕ್ಕೆ ಚಿಮುಕಿಸಿದರೆ ಅದೇ ಗೊಬ್ಬರ ಹೆಚ್ಚು ಕೆಲಸ ಮಾಡುತ್ತದೆ. ಹಾಳೆ ಹೊದಿಸಿದ ಕೃಷಿಹೊಂಡದ ತಳಕ್ಕೆ ಮಣ್ಣಿನ ಪದರವೊಂದನ್ನು ಹರಡಿದ ನಂತರವೇ ಈ ಲೆಕ್ಕ ಹೊಂದುತ್ತದೆ. ಬರಿ ಹಾಳೆಯ ಮೇಲೆ ಸಹಜ ಆಹಾರ ಹುಟ್ಟುವುದು ಬಹಳ ಕಡಿಮೆ.

ಮರಿ ಬಿಡುವ ಮುನ್ನ ಹೊಂಡದಲ್ಲಿ ಬೇಟೆಗಾರ ಮೀನುಗಳಿರಬಾರದು. ಬೇಸಿಗೆಯಲ್ಲಿ ಒಣಗುವ ಹೊಂಡವಾದರೆ ತಳ ಬಿರಿಯುವಷ್ಟು ಒಣಗಿಸಿದರೆ ಸಾಕು. ಒಣಗದ ಕೆರೆಗಳಲ್ಲಿ ಇಪ್ಪೆ ಹಿಂಡಿಯನ್ನು ಹೆಕ್ಟೇರಿಗೆ ಒಂದು ಮೀಟರ್ ಆಳದ ನೀರಿಗೆ 2,500 ಕಿಲೋದಂತೆ ಹಾಕುತ್ತಾರೆ. ಅದರ ವಿಷ ಎರಡು ಮೂರು ವಾರಗಳಲ್ಲಿ ಇಳಿದು ನಂತರ ಅದೇ ಗೊಬ್ಬರವಾಗುತ್ತದೆ. ಬ್ಲೀಚಿಂಗ್ ಪುಡಿಯೂ ಈ ಕೆಲಸ ಮಾಡುತ್ತದೆ, ಆದರೆ ಪಿಎಚ್ ಹೆಚ್ಚಿರುವ ನೀರಿನಲ್ಲಿ ಕ್ಲೋರಿನ್‌ನ ಶಕ್ತಿ ಕುಂದುತ್ತದೆ. ನಮ್ಮಲ್ಲಿ ಇಪ್ಪೆ ಹಿಂಡಿಯೇ ಮೇಲು.

ಇದೇ ಸಂದರ್ಭದಲ್ಲಿ ಆಫ್ರಿಕನ್ ಕ್ಯಾಟ್‌ಫಿಶ್ ಬಗ್ಗೆ ಕಟುವಾಗಿಯೇ ಹೇಳಬೇಕಾಗಿದೆ. ಬೇಗ ಬೆಳೆಯುತ್ತದೆ, ಏನು ಹಾಕಿದರೂ ತಿನ್ನುತ್ತದೆ ಎಂದು ಮರಿ ತಂದು ಕೊಡುವವರಿದ್ದಾರೆ. ಈ ಮೀನಿನ ಪಾಲನೆಯನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ. ಅದು ಹೊಂಡದಿಂದ ಹಳ್ಳಕ್ಕೆ, ಹಳ್ಳದಿಂದ ಭೀಮೆಗೆ ಸೇರಿದರೆ ಅಲ್ಲಿನ ಮೀನಿನ ಮರಿಗಳನ್ನೆಲ್ಲ ತಿಂದುಬಿಡುತ್ತದೆ. ಭೀಮೆಯನ್ನೂ ಕೃಷ್ಣೆಯನ್ನೂ ನಂಬಿ ಬಲೆ ಬೀಸುವ ಕುಟುಂಬಗಳ ಅನ್ನಕ್ಕೆ ನಮ್ಮ ಹೊಂಡದಿಂದ ಕುತ್ತು ಬರಕೂಡದು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮರಿಯ ವಿಚಾರದಲ್ಲಿ ಒಂದಿಷ್ಟು ಹಿಂದಕ್ಕೆ ಹೋಗುವುದನ್ನು ಮನ್ನಿಸಿ. ಕಾಟ್ಲಾ, ರೋಹು, ಮೃಗಾಲ್ ಮೀನುಗಳು ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. ಹೀಗಾಗಿ ಒಂದು ಕಾಲದಲ್ಲಿ ಮರಿ ಬೇಕೆಂದರೆ ಪ್ರವಾಹದ ಹೊತ್ತಿನಲ್ಲಿ ನದಿಗೆ ಬಲೆಯೊಡ್ಡಿ ಹಿಡಿಯಬೇಕಾಗಿತ್ತು. ಅದರಲ್ಲಿ ಯಾವ ಮರಿ ಯಾವ ಮೀನಿನದು ಎಂದು ತಿಳಿಯುತ್ತಿರಲಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಞಿ ಅವರು ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ, ಈ ಗೆಂಡೆಗಳು ಹೊಂಡದಲ್ಲೇ ಮೊಟ್ಟೆಯಿಡುವಂತೆ ಮಾಡಿದರು. ಇಂದು ನಿಮ್ಮ ಊರಿಗೆ ಆಮ್ಲಜನಕ ತುಂಬಿದ ಚೀಲದಲ್ಲಿ ಬರುವ ಪ್ರತಿ ಮರಿಯ ಹಿಂದೆಯೂ ಆ ಕೆಲಸವಿದೆ. ಜುಲೈ 10 ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿರುವುದು ಅದರ ನೆನಪಿಗಾಗಿ. ಆದರೆ ಮರಿ ಸುಲಭವಾಗಿ ಸಿಗುವಂತಾದ ಮೇಲೆ ಇನ್ನೊಂದು ಸಮಸ್ಯೆ ಹುಟ್ಟಿತು. ಅವೇ ಕೆಲವು ಜೋಡಿ ಮೀನುಗಳಿಂದ ವರ್ಷಗಟ್ಟಲೆ ಮರಿ ತೆಗೆದರೆ ತಳಿ ಸೊರಗುತ್ತದೆ. ಇದಕ್ಕಾಗಿಯೇ ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ಬೇರೆ ಬೇರೆ ನದಿಗಳ ರೋಹು ಮೀನುಗಳನ್ನು ಕೂಡಿಸಿ, ಆಯ್ಕೆ ಮಾಡುತ್ತ ಬಂದು, 1997ರಲ್ಲಿ ಜಯಂತಿ ರೋಹು ತಳಿಯನ್ನು ಹೊರತಂದಿತು. ಮರಿ ಕೊಳ್ಳುವಾಗ ಸಾವಿರಕ್ಕೆ ಎಷ್ಟು ರೂಪಾಯಿ ಎಂದು ಕೇಳುವ ಮುನ್ನ ತಾಯಿ ಮೀನು ಎಲ್ಲಿಯದು, ಯಾವ ತಳಿ ಎಂದು ಕೇಳಿ. ಬೀದರಿನಲ್ಲಿ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಸ್ಥಾನವೇ ಇದೆ. ಕೇಳಲು ದೂರ ಹೋಗಬೇಕಾದ ಪ್ರಮೇಯವಿಲ್ಲ.

ಎಷ್ಟು ಬಿಡಬೇಕು? ಯಂತ್ರದ ಗಾಳಿಯಿಲ್ಲದ, ಐದಾರು ಅಡಿ ನೀರಿರುವ ಹೊಂಡಕ್ಕೆ ಎಕರೆಗೆ 2,000 ಬೆರಳುದ್ದದ ಮರಿ. ಮೇಲಿನ ಪದರದಲ್ಲಿ ತಿನ್ನುವ ಕಾಟ್ಲಾ ನೂರಕ್ಕೆ 40, ನಡುವಿನ ರೋಹು 30, ತಳದ ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ಸೇರಿ 30; ಎರೆ ನೆಲದಲ್ಲಿ ಆ 30ರಲ್ಲಿ ಹೆಚ್ಚಿನ ಪಾಲು ಮೃಗಾಲ್ ಇರಲಿ. ಜಲಕಳೆ ಇದ್ದರೆ ಒಂದಿಷ್ಟು ಹುಲ್ಲುಗೆಂಡೆ. ಈಗ ಕೃಷಿಹೊಂಡದ ಲೆಕ್ಕ ಹಾಕಿ. 21 ಮೀಟರ್ ಉದ್ದ, 21 ಮೀಟರ್ ಅಗಲದ ಹೊಂಡ ಎಂದರೆ 441 ಚದರ ಮೀಟರ್, ಅಂದರೆ ನಾಲ್ಕೂವರೆ ಗುಂಟೆಗೂ ಕಡಿಮೆ. ಅದಕ್ಕೆ ಬೇಕಾದ ಮರಿ ಸುಮಾರು 220. ಆದರೆ ಮರಿ ಸಾವಿರದ ಚೀಲದಲ್ಲಿ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಸಾವಿರವನ್ನೂ ಸುರಿಯುತ್ತಾರೆ. ವರ್ಷ ಕಳೆದರೂ ಮೀನು ಕಾಲು ಕಿಲೋ ದಾಟಲಿಲ್ಲ ಎಂದು ಕೊರಗುತ್ತಾರೆ. ಅಕ್ಕಪಕ್ಕದ ಹೊಲದ ನಾಲ್ಕು ಜನ ಸೇರಿ ಒಂದು ಚೀಲವನ್ನು ಹಂಚಿಕೊಳ್ಳಿ.

ಜುಲೈನಲ್ಲಿ ತುಂಬಿ ಮಾರ್ಚ್‌ಗೆ ಒಣಗುವ ಹೊಂಡದಲ್ಲಿ ಸಣ್ಣ ಮರಿ ಬಿಟ್ಟರೆ ಅದು ಮಾರುವ ಗಾತ್ರಕ್ಕೆ ಬರುವಷ್ಟರಲ್ಲಿ ನೀರೇ ಇರುವುದಿಲ್ಲ. ಹಿಂದಿನ ವರ್ಷದ ಮರಿಯನ್ನು ಇಕ್ಕಟ್ಟಿನಲ್ಲಿ, ಮಿತ ಆಹಾರದಲ್ಲಿ ಉಳಿಸಿಕೊಂಡು ಮರುವರ್ಷ ಬಿಡುವ ಪದ್ಧತಿ ಆಂಧ್ರದಲ್ಲಿ ರೂಢಿಯಲ್ಲಿದೆ. ತಡೆದು ನಿಲ್ಲಿಸಿದ ಆ ಮರಿ ಜಾಗವೂ ಆಹಾರವೂ ಸಿಕ್ಕ ಕೂಡಲೇ ಬಿರುಸಾಗಿ ಬೆಳೆಯುತ್ತದೆ. ನೀರು ವರ್ಷವಿಡೀ ನಿಲ್ಲುವ ಒಬ್ಬರು ಇಂಥ ಮರಿ ಬೆಳೆಸಿ ಉಳಿದವರಿಗೆ ಮಾರುವುದನ್ನೇ ಉದ್ಯೋಗ ಮಾಡಿಕೊಳ್ಳಬಹುದು. ನಮ್ಮ ಮೂರೂ ಜಿಲ್ಲೆಗಳಲ್ಲಿ ಅದಕ್ಕೆ ಬೇಡಿಕೆ ಇದೆ. ಮರಿ ತಂದ ದಿನ ಚೀಲವನ್ನು ಕಟ್ಟಿದಂತೆಯೇ ಹದಿನೈದು ಇಪ್ಪತ್ತು ನಿಮಿಷ ಹೊಂಡದಲ್ಲಿ ತೇಲಿಸಿ, ಬಳಿಕ ಬಾಯಿ ಬಿಚ್ಚಿ ಹೊಂಡದ ನೀರನ್ನು ಸ್ವಲ್ಪಸ್ವಲ್ಪ ಬೆರೆಸಿ, ಮರಿಗಳು ತಾವಾಗಿ ಹೊರಗೆ ಈಜುವಂತೆ ಬಿಡಬೇಕು.

ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುವುದು ಆಹಾರಕ್ಕೆ. ಅಕ್ಕಿ ತೌಡು ಮತ್ತು ಶೇಂಗಾ ಹಿಂಡಿ ಸಮಪಾಲು ಎಂಬುದು ಹಳೆಯ ಸೂತ್ರ. ಶಹಾಪುರ, ಸುರಪುರದ ಗಿರಣಿಗಳಲ್ಲಿ ತೌಡು ಸಿಗುತ್ತದೆ. ಕಲಬುರಗಿಯ ದಾಲ್ ಮಿಲ್ಲುಗಳಲ್ಲಿ ಬೇಳೆ ಮಾಡಿದ ಮೇಲೆ ಉಳಿಯುವ ತೊಗರಿ ಚುನ್ನಿಯನ್ನು ತೌಡಿನ ಒಂದು ಪಾಲಿಗೆ ಬದಲಾಗಿ ಸೇರಿಸಬಹುದು. ಬೂಷ್ಟು ಹಿಡಿದ ಹಿಂಡಿಯನ್ನು ಮಾತ್ರ ಅಗ್ಗಕ್ಕೆ ಸಿಕ್ಕಿತೆಂದು ಹಾಕಬೇಡಿ, ಅದರ ವಿಷ ಮೀನಿನ ಯಕೃತ್ತನ್ನು ಕೆಡಿಸುತ್ತದೆ. ಎಷ್ಟು ಹಾಕಬೇಕೆಂಬುದನ್ನು ಹೊಂಡದಲ್ಲಿರುವ ಮೀನಿನ ತೂಕ ಹೇಳಬೇಕು. ಎಕರೆಗೆ ಬಿಟ್ಟ 2,000 ಮರಿಗಳಲ್ಲಿ 1,600 ಉಳಿದಿವೆ ಎಂದುಕೊಳ್ಳಿ. ತಿಂಗಳಿಗೊಮ್ಮೆ ಬಲೆ ಬೀಸಿ ಇಪ್ಪತ್ತು ಮೂವತ್ತು ಮೀನು ತೂಗಿದಾಗ ಸರಾಸರಿ 250 ಗ್ರಾಂ ಬಂದರೆ ಒಟ್ಟು 400 ಕಿಲೋ ಆಯಿತು. ನೂರಕ್ಕೆ ಮೂರರಂತೆ ದಿನಕ್ಕೆ 12 ಕಿಲೋ ಆಹಾರ. ಮರಿ ಸಣ್ಣದಿದ್ದಾಗ ನೂರಕ್ಕೆ ಐದರಂತೆ, ದೊಡ್ಡದಾದ ಮೇಲೆ ಎರಡರಂತೆ. ಎರಚಿದ ತೌಡಿನಲ್ಲಿ ಬಹುಪಾಲು ಕರಗಿ ಹಾಳಾಗುತ್ತದೆ. ಅದರ ಬದಲು ತಳದಲ್ಲಿ ತೂತು ಮಾಡಿದ ಚೀಲದಲ್ಲಿ ತುಂಬಿ ಬಿದಿರ ಗಳಕ್ಕೆ ಕಟ್ಟಿ ನೀರಿನಲ್ಲಿ ಇಳಿಬಿಟ್ಟರೆ ಮೀನು ಬಂದು ಚೀಲವನ್ನು ಕುಟುಕಿ ತಿನ್ನುತ್ತದೆ, ಸಂಜೆ ಚೀಲ ಎತ್ತಿ ನೋಡಿದರೆ ಎಷ್ಟು ಉಳಿಯಿತು ಎಂಬುದೂ ತಿಳಿಯುತ್ತದೆ. ಬಿಸಿಲೇರಿ, ಆಮ್ಲಜನಕ ಕೂಡಿದ ಮೇಲೆ, ಒಂಬತ್ತು ಹತ್ತರ ಹೊತ್ತಿಗೆ ಚೀಲ ಕಟ್ಟಿ.

ತೊಗರಿ, ಹತ್ತಿಯ ನಡುವೆ ಇರುವ ಹೊಂಡಗಳಿಗೆ ಕೀಟನಾಶಕವೇ ದೊಡ್ಡ ಶತ್ರು. ಕಾಯಿಕೊರಕಕ್ಕೆ ಹೊಡೆಯುವ ಸಿಂಥೆಟಿಕ್ ಪೈರೆಥ್ರಾಯ್ಡ್ ಔಷಧಗಳು ಮನುಷ್ಯನಿಗಿಂತ ಮೀನಿಗೆ ಬಹುಪಟ್ಟು ಹೆಚ್ಚು ವಿಷ. ನೀರಿಗೆ ಅತ್ಯಲ್ಪ ಸೇರಿದರೂ ಸಾಕು. ಸಿಂಪಡಣೆಯ ಪಂಪನ್ನು ಹೊಂಡದಲ್ಲಿ ತೊಳೆಯಬಾರದು, ಗಾಳಿ ಹೊಂಡದ ಕಡೆಗೆ ಬೀಸುವಾಗ ಸಿಂಪಡಿಸಬಾರದು, ಔಷಧ ಹೊಡೆದ ಹೊಲದ ಮೊದಲ ಮಳೆಯ ನೀರನ್ನು ಹೊರಗೆ ತಿರುಗಿಸಬೇಕು. ಮೀನು ಸತ್ತಾಗ ಕಾರಣ ತಿಳಿಯಲು ಒಂದು ಗುರುತು ಹೇಳುತ್ತೇನೆ. ನಸುಕಿನಲ್ಲಿ ದೊಡ್ಡ ಮೀನುಗಳು ಮೊದಲು ಸತ್ತು ಸಣ್ಣವು ಉಳಿದರೆ ಆಮ್ಲಜನಕದ ಕೊರತೆ ಎಂದು ತಿಳಿಯಬಹುದು. ಹಗಲಿನಲ್ಲಿ, ಸಣ್ಣ ದೊಡ್ಡ ಎಂಬ ಭೇದವಿಲ್ಲದೆ, ಕಪ್ಪೆ, ಹುಳುಗಳೂ ಕೂಡಿ ಸತ್ತರೆ ವಿಷವನ್ನು ಶಂಕಿಸಬೇಕು.

ಎಳ್ಳ ಅಮಾವಾಸ್ಯೆಯ ಹೊತ್ತಿಗೆ ನೀರು ತಣ್ಣಗಾಗುತ್ತದೆ, ಬೀದರಿನಲ್ಲಿ ಇನ್ನೂ ಹೆಚ್ಚು. ಮೀನು ತಿನ್ನುವುದು ಕಡಿಮೆಯಾಗುತ್ತದೆ. ಮೈಮೇಲೆ ಕೆಂಪು ಹುಣ್ಣು ಕಾಣಿಸಿಕೊಳ್ಳುವುದೂ ಆಗಲೇ. ನಮ್ಮ ದೇಶದಲ್ಲಿ 1988ರಿಂದ ಕಾಣಿಸಿಕೊಂಡ ಈ ಹುಣ್ಣು ರೋಗಕ್ಕೆ ಭುವನೇಶ್ವರದ ಸಂಸ್ಥೆಯೇ ರೂಪಿಸಿದ ಸೈಫ್ಯಾಕ್ಸ್ ಔಷಧವನ್ನು ಒಂದು ಮೀಟರ್ ಆಳದ ಹೆಕ್ಟೇರ್ ನೀರಿಗೆ ಒಂದು ಲೀಟರಿನಂತೆ ಬಳಸುತ್ತಾರೆ. ಮೀನು ಹೇನಿನ ಕಾಟಕ್ಕೆ ಔಷಧಕ್ಕಿಂತ ಮೊದಲು ಮಾಡಬಹುದಾದ ಖರ್ಚಿಲ್ಲದ ಉಪಾಯವಿದೆ. ಹೆಣ್ಣು ಹೇನು ಮೀನಿನ ಮೈಬಿಟ್ಟು ಬಂದು ಗಟ್ಟಿ ವಸ್ತುಗಳ ಮೇಲೆ ಮೊಟ್ಟೆ ಅಂಟಿಸುತ್ತದೆ. ಹೊಂಡದಲ್ಲಿ ಅಲ್ಲಲ್ಲಿ ಬಿದಿರ ಗಳ ನೆಟ್ಟು, ವಾರಕ್ಕೊಮ್ಮೆ ಕಿತ್ತು ಬಿಸಿಲಿನಲ್ಲಿ ಒಣಗಿಸಿ ಮತ್ತೆ ನೆಟ್ಟರೆ ಆ ಮೊಟ್ಟೆಗಳು ಸಾಯುತ್ತವೆ. ಗಳದ ಮೇಲೆ ಸಾಲುಸಾಲಾಗಿ ಹೊಳೆಯುವ ಸಣ್ಣ ಕಾಳಿನಂಥ ಮೊಟ್ಟೆಗಳನ್ನು ನೀವೇ ಬೆರಳಿನಿಂದ ಮುಟ್ಟಿ ನೋಡಬಹುದು.

ಸಿಮೆಂಟ್ ಅಥವಾ ಟಾರ್ಪಾಲಿನ್ ತೊಟ್ಟಿಯಲ್ಲಿ, ನೀರಿನ ಕಸವನ್ನು ಸೂಕ್ಷ್ಮಜೀವಿಗಳಿಂದ ಮತ್ತೆ ಮೀನಿನ ಆಹಾರವಾಗಿಸುವ ಬಯೋಫ್ಲಾಕ್ ಪದ್ಧತಿಯ ಬಗ್ಗೆ ಯುವಕರು ಕೇಳಿದ್ದಾರೆ. ಅದರ ಹಿಂದಿನ ವಿಜ್ಞಾನ ಸರಿಯಾದುದೇ. ಆದರೆ ಅಲ್ಲಿ ಮೀನು ಬದುಕುವುದು ಯಂತ್ರದ ಗಾಳಿಯ ಮೇಲೆ. ದಟ್ಟಣೆ ಹೆಚ್ಚಿದ ತೊಟ್ಟಿಯಲ್ಲಿ ಕರೆಂಟ್ ಹೋಗಿ ಸ್ವಲ್ಪ ಹೊತ್ತಾದರೂ ಎಲ್ಲ ಮೀನು ಒಟ್ಟಿಗೆ ಸಾಯಬಹುದು. ಮಣ್ಣಿನ ಹೊಂಡದಲ್ಲಿ ಎರಡು ಬೆಳೆ ತೆಗೆದು ನೀರಿನ ಸ್ವಭಾವ ತಿಳಿದ ಮೇಲೆ, ಜನರೇಟರ್ ಇಟ್ಟುಕೊಂಡು ಆ ಕಡೆಗೆ ಹೋಗುವುದು ಕ್ಷೇಮ.

ಕೊನೆಯದಾಗಿ ಬೇಸಿಗೆಯಲ್ಲಿ ಮೀನು ಹಿಡಿಯುವ ಮಾತು. ಫೆಬ್ರುವರಿಯಿಂದ ನೀರು ಇಳಿಯತೊಡಗಿದಾಗ ಮೀನು ಅಷ್ಟೇ ಇದ್ದು ನೀರು ಅರ್ಧವಾದರೆ ದಟ್ಟಣೆ ಎರಡು ಪಟ್ಟಾಯಿತು. ಬಿಸಿಲಿಗೆ ಆಮ್ಲಜನಕವೂ ಕುಸಿಯುತ್ತದೆ, ಅಮೋನಿಯಾವೂ ಏರುತ್ತದೆ. ಎಲ್ಲ ಮೀನನ್ನೂ ಯುಗಾದಿವರೆಗೆ ಕಾಯಿಸಿ ಒಂದೇ ದಿನ ಹಿಡಿಯುವ ಬದಲು, ನೀರು ಐದಡಿಗಿಂತ ಕೆಳಗಿಳಿಯುವ ಮುನ್ನವೇ ದೊಡ್ಡ ಮೀನುಗಳನ್ನು ಹಿಡಿದು ಮಾರಿ ಉಳಿದವಕ್ಕೆ ಜಾಗ ಮಾಡಿಕೊಡಿ. ಹಿಡಿಯುವ ಹಿಂದಿನ ದಿನ ಆಹಾರ ನಿಲ್ಲಿಸಿ. ಹೊಟ್ಟೆ ಖಾಲಿಯಿದ್ದ ಮೀನು ಬೇಗ ಕೆಡುವುದಿಲ್ಲ. ತಂಪು ಹೊತ್ತಿನಲ್ಲಿ ಬಲೆ ಹಾಕಿ, ಮೀನಿನ ತೂಕಕ್ಕೆ ಸಮನಾದ ಪುಡಿಮಾಡಿದ ಮಂಜುಗಡ್ಡೆಯಲ್ಲಿ ಪದರ ಪದರವಾಗಿ ಜೋಡಿಸಿ ಸಾಗಿಸಿ. ಬಿಟ್ಟ ಮರಿ, ಹಾಕಿದ ಆಹಾರ, ತಿಂಗಳ ತೂಕ, ಸತ್ತ ಮೀನು, ನಸುಕಿನ ಮತ್ತು ಮಧ್ಯಾಹ್ನದ ಪಿಎಚ್ ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ಮುಂದಿನ ಸಲ ಬರುವಾಗ ತನ್ನಿ. ಸುಣ್ಣ ಎಷ್ಟು, ಗೊಬ್ಬರ ಎಷ್ಟು, ಮರಿ ಎಷ್ಟು ಎಂಬುದನ್ನು ಆ ಪುಟಗಳನ್ನು ಮುಂದಿಟ್ಟುಕೊಂಡು ಹೊಂಡ ಹೊಂಡಕ್ಕೂ ಬೇರೆಯಾಗಿ ಲೆಕ್ಕ ಹಾಕೋಣ.